ಬೆಣ್ಣೆ ಇಲ್ಲದ ಕೇಕು

ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗಲೆಂದು ನೆಬಿಸಮ್ಮ ದೋಹಾಕ್ಕೆ ಬಂದಾಗ ಆಕೆಯ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ತುಪ್ಪದ ಭಾರವೇ ಹೆಚ್ಚಿತ್ತು. ಪಾಣೆಮಂಗಳೂರಿನಲ್ಲಿ ಆಕೆಯ ತುಪ್ಪಕ್ಕೆ ಹೆಸರಿತ್ತು. ಗಂಡ ಪಕೀರಬ್ಬ ಬದುಕಿದ್ದ ಕಾಲದಿಂದಲೂ ಹಟ್ಟಿಯಲ್ಲಿ ದನ ಕಟ್ಟಿ, ಮೊಸರು ಕಡೆದು, ಬೆಣ್ಣೆ ಕಾಯಿಸಿ ಊರಿನ ಬಾಣಂತಿಯರಿಗೂ ಹೊಸದಾಗಿ ಅನ್ನ ಮುಟ್ಟಿಸಿದ ಕೂಸುಗಳಿಗೂ ಅವಳೇ ಕಳಿಸುತ್ತಿದ್ದಳು. ಬ್ಯಾರಿಗಳ ಮನೆಯಾಗಲಿ, ಶೆಟ್ಟರ ಮನೆಯಾಗಲಿ, ಕ್ರೈಸ್ತರಾದ ಪೊರ್ಬುಗಳ ಮನೆಯಾಗಲಿ, ಮಗು ಸೊರಗಿದೆ ಎಂದು ಕೇಳಿದರೆ ಸಾಕು, ಒಂದು ಸಣ್ಣ ಭರಣಿ ಅತ್ತ ಹೊರಡುತ್ತಿತ್ತು. ತನ್ನ ಬದುಕಿನಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದ್ದರೆ ನೆಬಿಸಮ್ಮ ಅದನ್ನೇ ಹೇಳುತ್ತಿದ್ದಳು.

ಮಗ ಅಝರ್ ಅಲ್ಲಿನ ಅಬು ಹಮೂರ್ ಬಡಾವಣೆಯಲ್ಲಿ ಒಂದು ವಿಲ್ಲಾದ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಉಳಿದರ್ಧದಲ್ಲಿ ಮೈಸೂರಿನ ಧನಂಜಯ, ಗಾನವಿ ದಂಪತಿ ಇದ್ದರು. ಎರಡು ಮನೆಗೂ ಒಂದೇ ಗೇಟು, ಒಂದೇ ಅಂಗಳ. ಅವರ ಮಗಳು ಪ್ರಾರ್ಥನಾ, ಅಝರನ ಮಗಳು ಅಫ್ರಾ ಒಂದೇ ಶಾಲೆಯ ಒಂದೇ ತರಗತಿಯಲ್ಲಿದ್ದರು. ಸಂಜೆಯಾದರೆ ಯಾರ ಮಗು ಯಾರ ಮನೆಯಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು.

ಅಝರನ ಹೆಂಡತಿ ಸೌದಾ ಮನೆಯಲ್ಲೇ ಕೇಕು ಮಾಡಿ ಕೊಡುತ್ತಿದ್ದಳು. ಪುತ್ತೂರಿನ ಹುಡುಗಿ, ಕೈ ಚುರುಕು, ಹಿಡಿದ ಕೆಲಸ ಬಿಡುವವಳಲ್ಲ. ನೆಬಿಸಮ್ಮ ಬಂದ ದಿನಗಳಲ್ಲಿ ಅವಳು ಒಂದು ವಿಚಿತ್ರ ಕೇಕಿನ ಹಿಂದೆ ಬಿದ್ದಿದ್ದಳು. ಒಂದನ್ನು ಓವನ್ನಿನಿಂದ ತೆಗೆಯುವುದು, ಮುರಿದು ತಿನ್ನುವುದು, ತಲೆ ಅಲ್ಲಾಡಿಸುವುದು, ಮರುದಿನ ಮತ್ತೊಂದು.

"ಎಂತದು ಮಾರಾಯ್ತಿ ನಿನ್ನ ಪರೀಕ್ಷೆ?" ಎಂದು ನೆಬಿಸಮ್ಮ ಕೇಳಿದಳು.

"ಪ್ರಾರ್ಥನಾಳ ಬರ್ತ್‌ಡೇ ಬಂತಲ್ಲ ಮಾಮಿ. ಆ ಮಗುವಿಗೆ ಹಾಲು ಆಗುದಿಲ್ಲ. ಹಾಲಿನ ಅಲರ್ಜಿ. ಬೆಣ್ಣೆ ಹಾಕದೆ ಕೇಕು ಮಾಡ್ಬೇಕು. ಹುಟ್ಟಿದ ಮೇಲೆ ಒಂದು ಕೇಕು ತಿಂದದ್ದಿಲ್ಲವಂತೆ ಅವಳು. ಬೇರೆ ಮಕ್ಕಳ ಪಾರ್ಟಿಗೆ ಹೋದರೆ ಡಬ್ಬಿಯಲ್ಲಿ ಇಡ್ಲಿ ತಗೊಂಡು ಹೋಗುದು."

ಬೆಣ್ಣೆ ತೆಗೆದುಬಿಟ್ಟರೆ ಕೇಕಿನಲ್ಲಿ ಉಳಿಯುವುದೇನು ಎಂಬುದು ನೆಬಿಸಮ್ಮನಿಗೆ ಹೊಳೆಯಲಿಲ್ಲ. ಸೌದಾಳಿಗೂ ಅದು ಸುಲಭವಾಗಿರಲಿಲ್ಲ. ಮೊದಲು ಊರಿನ ತೆಂಗಿನೆಣ್ಣೆ ಹಾಕಿದಳು. ಬಿಸಿಯಾಗಿದ್ದಾಗ ಪರಿಮಳ ಮನೆ ತುಂಬಿತು, ಏಸಿಯಲ್ಲಿ ಇಟ್ಟ ಮೇಲೆ ಇಟ್ಟಿಗೆಯಾಯಿತು. ಬೆಣ್ಣೆಯಿದ್ದಷ್ಟೇ ತೂಕಕ್ಕೆ ಸೂರ್ಯಕಾಂತಿ ಎಣ್ಣೆ ಹಾಕಿದ್ದು ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟಿತು. ಬೆಣ್ಣೆಯಲ್ಲಿ ನೀರೂ ಇರುತ್ತದೆ, ಎಣ್ಣೆಯಲ್ಲಿ ಇಲ್ಲ, ಹಾಗಾಗಿ ಕಡಿಮೆ ಹಾಕಬೇಕು ಎಂದು ಆಮೇಲೆ ತಿಳಿಯಿತು. ಅಂಗಡಿಯಿಂದ ಬೆಣ್ಣೆಯ ಬದಲಿಗೆ ಬಳಸುವ ಸಸ್ಯದೆಣ್ಣೆಯ ಮಾರ್ಗರಿನ್ ತಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದರೆ, ಸಣ್ಣಕ್ಷರದಲ್ಲಿ ಹಾಲಿನ ಅಂಶವಿದೆ ಎಂದು ಬರೆದಿತ್ತು. ಅದನ್ನು ಬೇರೆ ಕಪಾಟಿನಲ್ಲಿಟ್ಟು ಕೈ ತೊಳೆದುಕೊಂಡಳು. ಕೊನೆಗೆ ಮೊಟ್ಟೆ, ಸಕ್ಕರೆಯನ್ನು ಬಿಳಿ ನೊರೆಯಾಗುವ ತನಕ ಬೀಟ್ ಮಾಡಿ, ಅದಕ್ಕೆ ಅಳತೆಯ ಎಣ್ಣೆ, ದಪ್ಪ ತೆಂಗಿನ ಹಾಲು, ಸ್ವಲ್ಪ ವಿನೆಗರ್ ಸೇರಿಸಿ ಮಾಡಿದ ಕೇಕು ಹತ್ತಿಯಂತೆ ಬಂತು. ಸೌದಾ ಒಂದು ತುಂಡನ್ನು ಅತ್ತೆಯ ಬಾಯಿಗಿಟ್ಟಳು.

"ಹೇಗುಂಟು?"

"ಒಳ್ಳೆಯದುಂಟು" ಎಂದಳು ನೆಬಿಸಮ್ಮ. ಮನಸ್ಸಿನಲ್ಲಿ ಮಾತ್ರ, ಏನೋ ಒಂದು ಕಡಿಮೆಯುಂಟು ಎಂದುಕೊಂಡಳು.

ಶುಕ್ರವಾರ ಸಂಜೆ ಪಾರ್ಟಿ. ಆ ಮಧ್ಯಾಹ್ನ ಸೌದಾ ಕೇಕನ್ನು ಓವನ್ನಿನಿಂದ ತೆಗೆದು, ತಣಿಯಲಿಕ್ಕೆ ತಂತಿಯ ಜಾಲರಿಯ ಮೇಲಿಟ್ಟು, ಅಫ್ರಾಳನ್ನು ಕರೆದುಕೊಂಡು ಬಲೂನು ಕಟ್ಟಲು ಗಾನವಿಯ ಮನೆಗೆ ಹೋದಳು. ಅಝರ್ ನಮಾಝ್ ಮುಗಿಸಿ ಊಟ ಮಾಡಿ ಮಲಗಿದ್ದ. ಅಡುಗೆಮನೆಯಲ್ಲಿ ನೆಬಿಸಮ್ಮ ಒಬ್ಬಳೇ. ಮಧ್ಯಾಹ್ನಕ್ಕೆ ಮಾಡಿದ ತುಪ್ಪದನ್ನದ ವಾಸನೆ ಇನ್ನೂ ಅಲ್ಲೇ ಸುಳಿಯುತ್ತಿತ್ತು.

ಆಕೆ ಕೇಕನ್ನು ನೋಡಿದಳು. ಮೇಲ್ಭಾಗ ಬಿರುಕು ಬಿಟ್ಟಿತ್ತು. ಬೆರಳಿಂದ ಮುಟ್ಟಿದಳು, ಒಣಗಿದಂತೆ ಕಂಡಿತು. ಹುಟ್ಟಿದ ದಿನ ಒಂದು ಹನಿ ತುಪ್ಪವಿಲ್ಲದ ತಿಂಡಿಯನ್ನು ಮಗುವಿನ ಬಾಯಿಗಿಡುವುದೆಂದರೆ ಆಕೆಯ ಜೀವಕ್ಕೆ ಒಗ್ಗಲಿಲ್ಲ. ಹಾಲು ಆಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಆದರೆ ತುಪ್ಪ ಹಾಲಲ್ಲವಲ್ಲ. ಅಝರನ ತಮ್ಮ ಶಿಹಾಬನಿಗೂ ಸಣ್ಣವನಿರುವಾಗ ಹಾಲು ಆಗುತ್ತಿರಲಿಲ್ಲ, ಕುಡಿದ ಕೂಡಲೇ ಭೇದಿ. ಡಾಕ್ಟರು ಹಾಲು ನಿಲ್ಲಿಸಿ ಎಂದಿದ್ದರು. ಅವನನ್ನು ತುಪ್ಪದನ್ನ ತಿನ್ನಿಸಿಯೇ ಸಾಕಿದವಳು ತಾನು. ಈಗ ಅವನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರದ ಆಳು.

ನೆಬಿಸಮ್ಮ ಭರಣಿಯಿಂದ ತುಪ್ಪ ತೆಗೆದಳು. ತಳದ ಕಂದು ಗಸಿಯಲ್ಲೇ ಪರಿಮಳವೆಂದು ಅದನ್ನೂ ಕೆದಕಿ ತೆಗೆದು ಸೌಟಿನಲ್ಲಿ ಬಿಸಿ ಮಾಡಿದಳು. "ಬಿಸ್ಮಿಲ್ಲಾ" ಎಂದು ಚಮಚದ ಬೆನ್ನಿನಿಂದ ಕೇಕಿನ ಮೇಲೆಲ್ಲ ಸವರಿದಳು. ಕೇಕು ಬಾಯಾರಿದ ನೆಲದಂತೆ ಕುಡಿಯಿತು. ಮಗು ಚೆನ್ನಾಗಿ ಬೆಳೆಯಲಿ ಎಂದು ಮನಸ್ಸಿನಲ್ಲೇ ಹರಸಿ, ಸೌಟನ್ನು ಸಿಂಕಿನಲ್ಲಿಟ್ಟು, ಅಸರ್ ನಮಾಝಿಗೆ ಕೈಕಾಲು ತೊಳೆದು ವುಝು ಮಾಡಲು ಹೋದಳು.

ಸೌದಾ ಬಂದು, ತೆಂಗಿನ ಕೆನೆಯ ಐಸಿಂಗ್ ಬಳಿದು, ಮೇಲೊಂದು ಗುಲಾಬಿ ಬಣ್ಣದ ಆರರ ಅಂಕಿ ಕೂರಿಸಿ ಕೇಕನ್ನು ಆಚೆ ಮನೆಗೆ ಎತ್ತಿಕೊಂಡು ಹೋದಳು.

ಗಾನವಿ ಹೆಚ್ಚು ಜನರನ್ನು ಕರೆದಿರಲಿಲ್ಲ. ಶಾಲೆಯ ನಾಲ್ಕೈದು ಮಕ್ಕಳು, ಅವರ ತಾಯಂದಿರು, ಅಷ್ಟೇ. ಪ್ರಾರ್ಥನಾ ಮೇಣದಬತ್ತಿ ಊದಿ, ತನ್ನದೇ ಕೇಕನ್ನು ತಾನೇ ಕತ್ತರಿಸಿ ಮೊದಲ ತುಂಡನ್ನು ಬಾಯಿಗಿಟ್ಟಳು. ಗಾನವಿಯ ಕಣ್ಣು ತುಂಬಿತು. ಅವಳು ಸೌದಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನೆಬಿಸಮ್ಮ ಸೋಫಾದ ಮೇಲೆ ಕೂತಲ್ಲಿಂದ ನೋಡಿದಳು. ಮಗು ಇನ್ನೊಂದು ತುಂಡು ತಿಂದಿತು.

"ಮಮ್ಮಿ, ನನ್ನ ಟಂಗ್ ಇಚ್ ಆಗ್ತಿದೆ" ಎಂದಿತು ಆಮೇಲೆ.

ಗಾನವಿ ನಗುತ್ತಿದ್ದವಳು ಹಾಗೇ ನಿಂತುಬಿಟ್ಟಳು. ನೋಡನೋಡುತ್ತಿದ್ದಂತೆ ಮಗುವಿನ ತುಟಿ ಊದಿತು, ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು. ಕೆಮ್ಮು ಶುರುವಾಯಿತು, ಕೆಮ್ಮಿನ ನಡುವೆ ಸಿಳ್ಳೆಯಂಥ ಉಸಿರು. ಧನಂಜಯ ಆಂಬುಲೆನ್ಸಿಗೆ ಫೋನು ಹಚ್ಚಿದ. ಗಾನವಿ ಬ್ಯಾಗಿನಿಂದ ಪೆನ್ನಿನಂಥ ಇಂಜೆಕ್ಷನ್ ತೆಗೆದು, ಫ್ರಾಕಿನ ಮೇಲಿನಿಂದಲೇ ಮಗುವಿನ ತೊಡೆಗೆ ಒತ್ತಿ ಹಿಡಿದಳು.

"ಏನ್ ಹಾಕಿದ್ದೆ ಸೌದಾ? ಹಾಲು? ಬೆಣ್ಣೆ? ತುಪ್ಪ? ಹೇಳು, ಡಾಕ್ಟ್ರು ಕೇಳ್ತಾರೆ!"

"ಇಲ್ಲ ಗಾನವಿ, ಏನೂ ಇಲ್ಲ, ಅಲ್ಲಾಹನಾಣೆ ಏನೂ ಹಾಕ್ಲಿಲ್ಲ ನಾನು!"

ತುಪ್ಪ ಎಂಬ ಮಾತು ನೆಬಿಸಮ್ಮನ ಎದೆಗೆ ಬಂದು ಹೊಡೆಯಿತು. ಎದ್ದು ನಿಂತಳು. ಬಾಯಿ ತೆರೆದಳು. ಅಷ್ಟರಲ್ಲಿ ಗೇಟಿನ ಹೊರಗೆ ಸೈರನ್ ಕೇಳಿಸಿತು. ಗಾನವಿ ಮಗುವನ್ನೆತ್ತಿಕೊಂಡು ಬರಿಗಾಲಲ್ಲಿ ಓಡಿದಳು.

ಮನೆಗೆ ಬಂದ ಸೌದಾ ನೇರ ಅಡುಗೆಮನೆಗೆ ನುಗ್ಗಿದಳು. ಹಿಟ್ಟಿನ ಪ್ಯಾಕೆಟ್, ತೆಂಗಿನ ಹಾಲಿನ ಡಬ್ಬಿ ಒಂದೊಂದನ್ನೂ ತೆಗೆದು ಓದತೊಡಗಿದಳು. ಆಮೇಲೆ ಸಿಂಕಿನ ಕಡೆ ನೋಡಿದಳು. ಸೌಟನ್ನು ಎತ್ತಿ ಮೂಸಿದಳು.

"ಮಾಮಿ, ಇದೆಂತ?"

"ಸ್ವಲ್ಪ ತುಪ್ಪ..." ನೆಬಿಸಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಮೇಲೆ ಸವರಿದೆ. ಒಣಗಿದ ಹಾಗೆ ಕಂಡಿತು. ಹಾಲು ಮಾತ್ರ ಆಗುದಿಲ್ಲ ಅಂತ ತಿಳ್ಕೊಂಡೆ ಮಗಳೇ. ಶಿಹಾಬನಿಗೂ..."

ಸೌದಾ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳು ಬೈಯಲಿಲ್ಲ. ಬೈದಿದ್ದರೆ ನೆಬಿಸಮ್ಮನಿಗೆ ಸ್ವಲ್ಪ ಹಗುರವಾಗುತ್ತಿತ್ತು.

"ಶಿಹಾಬನದ್ದು ಹೊಟ್ಟೆಯ ತೊಂದರೆ ಮಾಮಿ. ಇದು ಅದಲ್ಲ. ಇದು ಉಸಿರು ನಿಲ್ಲಿಸುವಂಥದ್ದು. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರ್ತದೆ. ನಾನು ನಿಮಗೆ ಬಿಡಿಸಿ ಹೇಳಬೇಕಿತ್ತು. ಹೇಳ್ಲಿಲ್ಲ."

ಅಝರ್ ಎಲ್ಲವನ್ನೂ ಕೇಳಿ ಸೌಟನ್ನು ತಾನೇ ತೊಳೆದಿಟ್ಟ. ಧನಂಜಯನಿಂದ ಫೋನು ಬಂತು. ಮಗು ಉಸಿರಾಡುತ್ತಿದೆ, ಅಪಾಯವಿಲ್ಲ, ನಾಳೆಯವರೆಗೆ ಆಸ್ಪತ್ರೆಯಲ್ಲಿ ಇರಬೇಕು. ಅಝರ್ "ಅಲ್‌ಹಮ್ದುಲಿಲ್ಲಾ" ಎಂದು ಫೋನಿಟ್ಟು ತಾಯಿಯ ಕಡೆ ತಿರುಗಿದ.

"ಉಮ್ಮಾ, ಇದನ್ನು ಯಾರ ಹತ್ತಿರವೂ ಹೇಳುದು ಬೇಡ. ಮಗು ಉಳಿಯಿತಲ್ಲ, ಖಲಾಸ್."

"ಹೇಳದೆ ಇರುದಾ?"

"ಈಗಿನ ಕಾಲ ನಿಮಗೆ ಗೊತ್ತಿಲ್ಲ. ಗಾನವಿಯವರು ಒಳ್ಳೆಯವರೇ. ಆದರೆ ಸುದ್ದಿ ಅವರ ಮನೆಯಲ್ಲೇ ನಿಲ್ಲುದಿಲ್ಲ. ಬ್ಯಾರಿ ಮುದುಕಿ ಹಿಂದೂ ಮಗುವಿಗೆ ಬೇಕಂತಲೇ ತಿನ್ನಿಸಿದಳು ಅಂತ ಯಾರಾದರೂ ಊರಿನ ಗ್ರೂಪಿನಲ್ಲಿ ಹಾಕಿದರೆ? ಊರಿನಲ್ಲಿ ಶಿಹಾಬ್ ಇದ್ದಾನೆ, ಅವನ ಅಂಗಡಿ ಉಂಟು."

ನೆಬಿಸಮ್ಮ ಅಂಥದ್ದೊಂದನ್ನು ಯೋಚಿಸಿಯೇ ಇರಲಿಲ್ಲ. ಆಕೆಯ ಭರಣಿಗಳು ಎಷ್ಟೋ ಮನೆಗಳಿಗೆ ಹೋಗಿದ್ದವು. ಯಾರೂ ಮುಚ್ಚಳ ತೆರೆಯುವ ಮುಂಚೆ ಕಳಿಸಿದವರ ಹೆಸರು ನೋಡಿದವರಲ್ಲ. ಮಗನ ಮುಖದಲ್ಲಿ ಕಂಡ ಹೆದರಿಕೆ ಆಕೆಯನ್ನು ಸುಮ್ಮನಾಗಿಸಿತು.

ಮರುದಿನ ಮಗು ಮನೆಗೆ ಬಂತು. ಗಾನವಿ ಗೇಟಿನ ಹತ್ತಿರ ಸೌದಾಳನ್ನು ಕಂಡು ತಾನೇ ಬಂದು ತಬ್ಬಿಕೊಂಡಳು. "ನಿನ್ನೆ ಗಾಬರಿಲಿ ನಿನ್ ಮೇಲೆ ಕೂಗಾಡಿಬಿಟ್ಟೆ, ಬೇಜಾರ್ ಮಾಡ್ಕೋಬೇಡ ಕಣೇ. ನಿನ್ನ ತಪ್ಪೇನೂ ಇಲ್ಲ. ತೆಂಗಿನಕಾಯಿ ಇರಬಹುದು, ಇಲ್ಲಾ ಮೊಟ್ಟೆ ಇರಬಹುದು ಅಂತಾರೆ ಡಾಕ್ಟ್ರು. ಹೊಸ ಅಲರ್ಜಿ ಶುರುವಾಗಿರಬಹುದಂತೆ."

ಸೌದಾ ಒಳಗೆ ಬಂದವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ನೀರಿನ ಸದ್ದಿನಲ್ಲೂ ಅದು ನೆಬಿಸಮ್ಮನಿಗೆ ಕೇಳಿಸಿತು.

ಆ ವಾರ ಸೌದಾ ಹೊಸ ಆರ್ಡರು ಹಿಡಿಯಲಿಲ್ಲ. ನೆಬಿಸಮ್ಮನಿಗೆ ನಮಾಝಿನಲ್ಲಿ ಮನಸ್ಸು ನಿಲ್ಲಲಿಲ್ಲ. ಸಜ್‌ದಾಕ್ಕೆ ಹಣೆ ಇಟ್ಟರೆ ಆ ಸಿಳ್ಳೆಯಂಥ ಉಸಿರು ಕೇಳಿಸುತ್ತಿತ್ತು. ಒಂದು ಸಂಜೆ ಅಫ್ರಾ ಆಟ ಮುಗಿಸಿ ಬಂದು ಅಜ್ಜಿಯ ಪಕ್ಕ ಕೂತಳು.

"ಉಮ್ಮಾಮ, ಪ್ರಾರ್ಥನಾ ಈಗ ಏನೂ ತಿನ್ನುದಿಲ್ಲ ಗೊತ್ತುಂಟಾ? ಕೋಕನಟ್ ಇಲ್ಲ, ಎಗ್ ಇಲ್ಲ, ಚಟ್ನಿ ಇಲ್ಲ. ಓನ್ಲಿ ರೈಸ್ ಆಂಡ್ ದಾಲ್. ನೆಕ್ಸ್ಟ್ ವೀಕ್ ಅವಳ ಕೈಗೆ ತುಂಬಾ ಸೂಜಿ ಚುಚ್ತಾರಂತೆ, ಟೆಸ್ಟಿಗೆ. ಶಿ ವಾಸ್ ಕ್ರೈಯಿಂಗ್."

ನೆಬಿಸಮ್ಮ ಎದ್ದು ಸೌದಾಳ ಹತ್ತಿರ ಹೋದಳು. "ನಿನಗೆ ಗೊತ್ತಿತ್ತಾ ಇದು?"

"ಗೊತ್ತುಂಟು ಮಾಮಿ." ಸೌದಾ ಒಗೆದ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. "ದಿನಾ ಹೇಳಬೇಕು ಅಂತ ಹೋಗ್ತೇನೆ. ಅವಳ ಬಾಗಿಲ ತನಕ ಹೋಗಿ ವಾಪಸು ಬರ್ತೇನೆ. ಹೇಳಿದರೆ ನಿಮ್ಮನ್ನು ಹಿಡಿದುಕೊಟ್ಟ ಹಾಗೆ. ಹೇಳದಿದ್ದರೆ ಆ ಮಗುವಿಗೆ..."

"ನೀನು ಹೇಳುದು ಬೇಡ. ಸವರಿದ್ದು ನನ್ನ ಕೈ."

"ಇವರಿಗೆ ಗೊತ್ತಾದರೆ?"

"ಅಝರನನ್ನು ಹೆತ್ತದ್ದು ನಾನು. ಅವನಿಗೆ ನಾನು ಉತ್ತರ ಕೊಡ್ತೇನೆ."

ತಲೆವಸ್ತ್ರ ಸರಿಪಡಿಸಿಕೊಂಡು ಆಕೆ ಅಂಗಳ ದಾಟಿದಳು. ಕೆಲವೇ ಹೆಜ್ಜೆಯ ಅಂಗಳ. ಹೊರಗೆ ಬೇಸಿಗೆಯ ಗಾಳಿ ಒಲೆಯ ಬಾಯಿಯಂತೆ ಮುಖಕ್ಕೆ ರಾಚುತ್ತಿತ್ತು. ಗಾನವಿ ಆಫೀಸಿನಿಂದ ಆಗಷ್ಟೇ ಬಂದಿದ್ದಳು, ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ."

ನೆಬಿಸಮ್ಮ ಕೂರಲಿಲ್ಲ. ಐದನೇ ತರಗತಿಯವರೆಗೆ ಕಲಿತ ಶಾಲೆಯ ಕನ್ನಡವನ್ನೆಲ್ಲ ಒಟ್ಟುಗೂಡಿಸಿಕೊಂಡಳು.

"ಮಗಳೇ, ನಿನ್ನ ಮಗುವಿಗೆ ತೆಂಗಿನಕಾಯಿಯಿಂದ ಆದದ್ದಲ್ಲ. ಮೊಟ್ಟೆಯಿಂದಲೂ ಅಲ್ಲ. ಸೌದಾ ಮಾಡಿದ ಕೇಕು ಸರಿಯಾಗಿಯೇ ಇತ್ತು. ಅವಳು ಇಲ್ಲಿ ಬಲೂನು ಕಟ್ಟುವಾಗ ನಾನು ಅದರ ಮೇಲೆ ತುಪ್ಪ ಸವರಿದೆ. ಊರಿನಿಂದ ತಂದ ತುಪ್ಪ. ಅವಳಿಗೆ ಗೊತ್ತಿರ್ಲಿಲ್ಲ. ಒಳ್ಳೆಯದಾಗ್ಲಿ ಅಂತ ಮಾಡಿದೆ. ಆದದ್ದು ಹೀಗೆ."

ಗಾನವಿ ಗೋಡೆಗೆ ಒರಗಿ ನಿಂತಳು.

"ಎಷ್ಟು?" ಎಂದು ಕೇಳಿದಳು.

"ಒಂದು ಸೌಟು."

"ಒಂದು ಸೌಟು." ಗಾನವಿ ಅದನ್ನೇ ಹೇಳಿದಳು. "ಬರೀ ಬೆಣ್ಣೆ ಚಾಕು ತಾಗಿದ ಬ್ರೆಡ್ ತಿಂದು ಅವಳು ಐಸಿಯುಗೆ ಹೋಗಿದ್ಲು ಅಜ್ಜಿ, ಎರಡು ವರ್ಷದವಳಿದ್ದಾಗ. ಅವಳ ಪ್ರತಿ ತುತ್ತನ್ನೂ ನಾನು ಕಾಯ್ತೀನಿ. ಆರು ವರ್ಷದಿಂದ. ಒಂದೇ ಒಂದು ದಿನ ಬೇರೆಯವರನ್ನ ನಂಬಿದೆ." ಅವಳ ಸ್ವರ ಏರಿತು. "ಕೇಳ್ಬಾರ್ದಿತ್ತಾ? ಒಂದು ಮಾತು! ಹಾಕ್ಲಾ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಬೇಕಿತ್ತು."

"ನನ್ನ ಮಗು ಸತ್ತೋಗಿದ್ರೆ?"

ನೆಬಿಸಮ್ಮ ತಲೆ ತಗ್ಗಿಸಿ ನಿಂತಳು. ಒಳಕೋಣೆಯಿಂದ ಕಾರ್ಟೂನಿನ ಹಾಡು ಕೇಳಿಸುತ್ತಿತ್ತು. ಗಾನವಿ ಕಣ್ಣೊರೆಸಿಕೊಂಡು, ತಡೆದು ತಡೆದು ಕೇಳಿದಳು, "ಸೌದಾಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಿದರೆ ಸೊಸೆ ಉಳಿಯುತ್ತಿದ್ದಳು. ನೆಬಿಸಮ್ಮನಿಗೆ ಅದು ಗೊತ್ತಿತ್ತು.

"ಅದೇ ದಿನ" ಎಂದಳು.

"ಅಜ್ಜಿ, ನೀವೀಗ ಹೋಗಿ. ದಯವಿಟ್ಟು ಹೋಗಿ."

ಸೌದಾ ಆ ರಾತ್ರಿಯೇ ಹೋಗಿ ಕ್ಷಮೆ ಕೇಳಿದಳು. ಗಾನವಿ ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿದಳಂತೆ. "ಅಜ್ಜಿಗೆ ಗೊತ್ತಿರ್ಲಿಲ್ಲ, ಮಾಡಿದ್ರು. ನಿನಗೆ ಗೊತ್ತಿತ್ತು. ನಾನು ನಿನ್ನನ್ನ ತಬ್ಬಿಕೊಂಡು ಸಮಾಧಾನ ಹೇಳ್ತಿದ್ದಾಗ್ಲೂ ನಿನಗೆ ಗೊತ್ತಿತ್ತು."

ಅಝರ್ ಕೋಪದಲ್ಲಿ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಅವನು ಹೆದರಿದಂತೆ ಯಾವ ಗ್ರೂಪಿನಲ್ಲೂ ಏನೂ ಬರಲಿಲ್ಲ. ಧನಂಜಯ ಎಂದಿನಂತೆ ಗೇಟಿನ ಬಳಿ ಕೈಯೆತ್ತಿ ಹೋಗುತ್ತಿದ್ದ. ಗಾನವಿ ಮಾತ್ರ ಕಾರಿನಿಂದ ಇಳಿದರೆ ನೆಲ ನೋಡಿಕೊಂಡು ಒಳಗೆ ಹೋಗುವಳು. ಸೂಜಿ ಚುಚ್ಚುವ ಪರೀಕ್ಷೆ ರದ್ದಾಗಿದೆ, ಮಗು ಮೊಟ್ಟೆ, ಚಟ್ನಿ ತಿನ್ನಬಹುದು ಎಂದು ಡಾಕ್ಟರು ಹೇಳಿದ್ದಾರೆ ಎಂಬುದು ಅಫ್ರಾಳ ಬಾಯಿಂದಲೇ ತಿಳಿಯಿತು. ಅದನ್ನು ಕೇಳಿದ ದಿನ ನೆಬಿಸಮ್ಮ ಹೊಟ್ಟೆ ತುಂಬ ಉಂಡಳು.

ಆಕೆ ಊರಿಗೆ ಹೊರಡುವ ವಾರದಲ್ಲಿ ಗಾನವಿ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ. ಸೌದಾಳನ್ನು ಕರೆದು ಹೊರಗೇ ನಿಂತು ಮಾತಾಡಿದಳು.

"ಡಾಕ್ಟ್ರು ತಿನ್ನಬಹುದು ಅಂದ್ರೂ ಅವಳು ತಿಂತಾ ಇಲ್ಲ ಸೌದಾ. ಹೆದರಿಬಿಟ್ಟಿದ್ದಾಳೆ. ನಾನು ಕೊಟ್ಟಿದ್ದನ್ನೂ ಮೂಸಿ ನೋಡ್ತಾಳೆ, ತಟ್ಟೆ ತಳ್ತಾಳೆ. ಆ ಕೇಕು ಇನ್ನೊಂದ್ಸಲ ಮಾಡ್ತೀಯಾ? ನಮ್ಮ ಅಡುಗೆಮನೇಲಿ, ನಮ್ಮ ಪಾತ್ರೇಲಿ, ಅವಳ ಕಣ್ಣೆದುರಿಗೆ. ಪಕ್ಕದಲ್ಲೇ ನಾನೂ ಇರ್ತೀನಿ." ಸ್ವಲ್ಪ ತಡೆದು, "ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂತ ಅಲ್ಲ. ಆದ್ರೂ ಬಾ" ಎಂದಳು.

ಸೌದಾ ತಲೆಯಾಡಿಸಿದಳು.

"ಅಜ್ಜೀನೂ ಬರಲಿ. ಪ್ರಾರ್ಥನಾ ಕೇಳ್ತಿದ್ಲು."

ನೆಬಿಸಮ್ಮ ಹೋದಳು, ಆದರೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ಒಂದು ಕುರ್ಚಿಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಳಗೆ ಮಗು ಸ್ಟೂಲಿನ ಮೇಲೆ ನಿಂತಿತ್ತು. ಸೌದಾ ಪ್ರತಿಯೊಂದನ್ನೂ ಅದಕ್ಕೆ ತೋರಿಸಿಯೇ ಹಾಕಿದಳು. ಹಿಟ್ಟು, ಸಕ್ಕರೆ, ಮೊಟ್ಟೆ. ಎಣ್ಣೆಯ ಅಳತೆಯನ್ನು ಮಗುವಿನ ಕೈಯಲ್ಲೇ ಹಾಕಿಸಿದಳು. ತೆಂಗಿನಕಾಯಿಯನ್ನು ಗಾನವಿಯೇ ತುರಿದು, ರುಬ್ಬಿ, ಹಾಲು ಹಿಂಡಿಕೊಟ್ಟಳು. ಹೆಂಗಸರಿಬ್ಬರೂ ಬೇಕಾದಷ್ಟೇ ಮಾತಾಡಿದರು. ಒಮ್ಮೆ ಸೌದಾಳ ಕೈಯಿಂದ ಪಾತ್ರೆ ಜಾರಿತು. ಗಾನವಿ ಇನ್ನೊಂದು ಬದಿಯಿಂದ ಹಿಡಿದುಕೊಂಡಳು.

ಕೇಕು ತಣಿದ ಮೇಲೆ ಪ್ರಾರ್ಥನಾ ಒಂದು ಚೂರು ಬಾಯಿಗಿಟ್ಟು, ತಾಯಿಯ ಮುಖವನ್ನೇ ನೋಡುತ್ತಾ ನಿಂತಳು. ಮನೆಯಲ್ಲಿ ಯಾರೂ ಅಲ್ಲಾಡಲಿಲ್ಲ. ತುಂಬ ಹೊತ್ತು ಏನೂ ಆಗಲಿಲ್ಲ. ಮಗು ಇನ್ನೊಂದು ಚೂರು ತಿಂದಿತು, ಆಮೇಲೆ ಇನ್ನೊಂದು. ಗಾನವಿ ಗೋಡೆಯ ಕಡೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು.

ಮಗು ತಟ್ಟೆಯಲ್ಲಿ ಒಂದು ತುಂಡು ಹಿಡಿದುಕೊಂಡು ಹೊಸ್ತಿಲಾಚೆ ಬಂತು.

"ಅಜ್ಜಿ, ತಗೊಳ್ಳಿ."

ನೆಬಿಸಮ್ಮನ ಕೈ ಮೇಲೇಳಲಿಲ್ಲ. ಆ ತಟ್ಟೆಗೆ ಕೈ ಚಾಚುವ ಯೋಗ್ಯತೆ ತನಗುಂಟೇ ಎಂದು ಆಕೆ ಯೋಚಿಸುತ್ತಿದ್ದಳು. ಮಗು ಬೇರೆಯದನ್ನೇ ತಿಳಿದುಕೊಂಡಿತು.

"ನಿಮಗೂ ಅಲರ್ಜಿ ಇದ್ಯಾ? ಇದ್ರೆ ಫಸ್ಟ್ ಕೇಳ್ಬೇಕು, ಇದ್ರಲ್ಲಿ ಏನೇನಿದೆ ಅಂತ. ಕೇಳಿ."

ನೆಬಿಸಮ್ಮ ಮಗುವಿನ ಕಡೆ ಬಾಗಿದಳು. "ಇದರಲ್ಲಿ ಏನೇನುಂಟು ಮಗಾ?"

ಪ್ರಾರ್ಥನಾ ಬೆರಳು ಮಡಚುತ್ತಾ ಒಂದೊಂದಾಗಿ ಹೇಳಿದಳು. ನೆಬಿಸಮ್ಮ ಪೂರ್ತಿ ಕೇಳಿದಳು. ಕೇಳಿದ ಮೇಲೆ ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದಳು. ಮೆತ್ತಗಿತ್ತು, ಸಿಹಿಯಾಗಿತ್ತು. ಏನೂ ಕಡಿಮೆಯಿರಲಿಲ್ಲ. ಗಾನವಿ ಒಂದು ಲೋಟ ನೀರು ತಂದು ಆಕೆಯ ಪಕ್ಕದಲ್ಲಿಟ್ಟು ಹೋದಳು.

ಊರಿಗೆ ಮರಳಿದ ಮೇಲೂ ನೆಬಿಸಮ್ಮ ದನ ಕಟ್ಟುವುದನ್ನು, ತುಪ್ಪ ಕಾಯಿಸುವುದನ್ನು ಬಿಡಲಿಲ್ಲ. ಯಾರಾದರೂ ಮಗುವಿಗೆಂದು ಕೇಳಿಕೊಂಡು ಬಂದರೆ ಕೂಡಲೇ ಭರಣಿ ಕೊಡುವುದನ್ನು ಮಾತ್ರ ನಿಲ್ಲಿಸಿದಳು. ಮಗುವಿನ ತಾಯಿಯನ್ನೇ ಕರೆಸಿ, ಎದುರಿಗೆ ಕೂರಿಸಿ ವಿಚಾರಿಸುತ್ತಿದ್ದಳು. ನೆಬಿಸಮ್ಮನಿಗೆ ವಯಸ್ಸಾಯಿತು, ಎಷ್ಟು ಪ್ರಶ್ನೆ ಕೇಳುತ್ತಾಳಪ್ಪ ಎಂದು ಕೆಲವರು ನಕ್ಕರು. ನಗುವವರು ನಗಲಿ ಎಂದು ಆಕೆ ಕೇಳುತ್ತಲೇ ಹೋದಳು.